ಟಿಕೆಟ್ಟು ತಗೊಂಡು ತವರಿಗೆ

ಬಸ್ಸಿನಲ್ಲಿ ಪಕ್ಕದ ಸೀಟಿಗೆ ಹೆಂಗಸೊಬ್ಬಳು ಬಂದು ಕೂತಳೆಂದರೆ ನನಗೆ ಈಗ ಸಣ್ಣಗೆ ದಿಗಿಲು ಶುರುವಾಗುತ್ತದೆ. ಶಿರಾದಿಂದ ಪಾವಗಡದ ಕಡೆಗೋ ಮಧುಗಿರಿಯ ಕಡೆಗೋ ಹೋಗುವ ನಮ್ಮ ಬಸ್ಸುಗಳಲ್ಲಿ ಮಾತಿಗೂ ಒಂದು ಕ್ರಮ ಇದೆ. ಮೊದಲು 'ಎಲ್ಲೀಗಂಟ ಹೋಗ್ತೀರಾ?' ಆಮೇಲೆ 'ಮಕ್ಳೆಷ್ಟು?' ಅದಾದ ಮೇಲೆ ಚೀಲದಿಂದ ಹುರಿದ ಕಡ್ಲೆಕಾಯಿ ತೆಗೆದು ಒಂದು ಹಿಡಿ ನಮ್ಮ ಕೈಗೂ ಸುರಿದು, 'ತವರು ಯಾವೂರಾಯ್ತು?' ಕಡ್ಲೆಕಾಯಿ ತಿಂದ ಬಾಯಿ ಸುಮ್ಮನಿರಲಾಗುತ್ತದೆಯೇ? ಹಿಂದೆಲ್ಲ ಈ ಪ್ರಶ್ನೆ ಯಾವಾಗ ಬರುತ್ತದೋ ಎಂದು ಕಾದು ಕೂರುತ್ತಿದ್ದವಳು ನಾನು. ನಮ್ಮ ಹೊಲ, ಮನೆ, ಮನೆ ಮುಂದಿನ ಹುಣಸೆಮರ, ಆ ಮರದ ಹುಳಿಯ ರುಚಿ, ಎಲ್ಲ ಹೇಳಿ ಮುಗಿಸುವುದರೊಳಗೆ ಇಳಿಯುವ ಸ್ಟಾಪು ಹಿಂದೆ ಹೋಗಿರುತ್ತಿತ್ತು. ಈಗ ತಡವರಿಸುತ್ತೇನೆ. ಮೊನ್ನೆ ಒಬ್ಬಾಕೆ ಬಿಡದೆ ಕೇಳಿದಾಗ ಬಾಯಿ ತಪ್ಪಿ ನಿಜವನ್ನೇ ಹೇಳಿಬಿಟ್ಟೆ. "ಇಟಲಿ ಕಣಮ್ಮ" ಅಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕಡ್ಲೆಕಾಯಿ ಚೀಲದ ಬಾಯಿ ಕಟ್ಟಿ, ಕಿಟಕಿಯ ಕಡೆ ತಿರುಗಿ ಕೂತಳು.

ನಗಬೇಡಿ, ನಾನು ಸುಳ್ಳು ಹೇಳಲಿಲ್ಲ. ನಾನು ಹುಟ್ಟಿದ್ದು ಮಧುಗಿರಿಗೂ ಕೊರಟಗೆರೆಗೂ ನಡುವಿನ ಜಾಲಿಕುಂಟೆಯಲ್ಲಿ. ಊರೊಳಗಲ್ಲ, ಊರಿಂದ ಒಂದು ಕೂಗಳತೆ ಆಚೆ, ನಮ್ಮ ಹೊಲದಲ್ಲೇ ಇದ್ದ ಮಣ್ಣಿನ ಮನೆಯಲ್ಲಿ. ಆ ಹೊಲದಲ್ಲಿ ಈಗ ಇಟಲಿ ದೇಶದ ಪಟ್ಟಣವೊಂದು ನಿಂತಿದೆ. ಬೀದಿಯ ಬದಲು ಕಾಲುವೆ, ಕಾಲುವೆಯ ಮೇಲೆ ಕಮಾನು ಸೇತುವೆ, ಗಡಿಯಾರದ ಗೋಪುರ, ಹಳದಿ ಗುಲಾಬಿ ಬಣ್ಣದ ಮಹಡಿ ಮನೆಗಳು, ಎಲ್ಲ ಇವೆ. ಜನ ಮಾತ್ರ ಇಲ್ಲ. ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳುವ ಜೋಡಿಗಳಿಗಾಗಿ ಯಾವುದೋ ಕಂಪನಿಯವರು ಕಟ್ಟಿಸಿದ್ದಂತೆ. ಶುರುವಿನಲ್ಲಿ ಕಾರು ನಿಲ್ಲಿಸಲು ಜಾಗ ಇರುತ್ತಿರಲಿಲ್ಲವಂತೆ. ಆಮೇಲೆ ಬೇರೆ ಕಡೆ ಇದಕ್ಕಿಂತ ದೊಡ್ಡ ವಿದೇಶ ಎದ್ದಿತು, ಜೋಡಿಗಳೆಲ್ಲ ಅತ್ತ ಹೋದವು.

ಒಂದು ವಿಚಿತ್ರ ಕೇಳಿ. ನಮ್ಮ ಮನೆಯ ನಡುಗೋಡೆಯಲ್ಲಿ ಇಂಥದ್ದೇ ಊರಿನ ಚಿತ್ರವೊಂದು ಬಹಳ ವರ್ಷ ನೇತಾಡುತ್ತಿತ್ತು. ಅಪ್ಪ ಕಡ್ಲೆಕಾಯಿ ಮೂಟೆ ಹೇರಿಕೊಂಡು ಶಿರಾದ ಮಂಡಿಗೆ ಹೋದಾಗ ಎಣ್ಣೆ ಮಿಲ್ಲಿನವರು ಕೊಟ್ಟ ಕ್ಯಾಲೆಂಡರು ಅದು. ವರ್ಷ ಮುಗಿದು ತಾರೀಕಿನ ಹಾಳೆಗಳೆಲ್ಲ ಹರಿದುಹೋದರೂ ಚಿತ್ರ ಚೆನ್ನಾಗಿದೆ ಅಂತ ಅಮ್ಮ ಅದನ್ನು ತೆಗೆದಿರಲಿಲ್ಲ. ನನ್ನ ಅಣ್ಣ ಶಿವಣ್ಣ ನನಗಿಂತ ಎಂಟು ವರ್ಷಕ್ಕೆ ದೊಡ್ಡವನು, ಹೈಸ್ಕೂಲು ಮೆಟ್ಟಿಲು ಹತ್ತಿದ್ದವನು. ಅವನು ಆ ಚಿತ್ರದ ಮುಂದೆ ನಿಂತು, "ಇಲ್ಲಿ ಬೀದಿ ತುಂಬ ನೀರು ಕಣ್ಲೇ ಜಯಾ. ಬಾಗ್ಲು ತೆಗುದ್ರೆ ನೀರು" ಅನ್ನುತ್ತಿದ್ದ. ನಾನು ನಂಬುತ್ತಿರಲಿಲ್ಲ. ನಮ್ಮಲ್ಲಿ ಒಂದು ಬಿಂದಿಗೆ ನೀರಿಗೆ ಅಮ್ಮ ಗೊಲ್ಲರ ಬಾವಿಯ ತನಕ ನಡೆಯಬೇಕಿತ್ತು. ಬಾಗಿಲಲ್ಲೇ ನೀರಿದ್ದರೆ ಆ ಊರಿನ ಹೆಂಗಸರು ದಿನವಿಡೀ ಏನು ಮಾಡುತ್ತಾರೆ? ಅದಕ್ಕಿಂತ ದೊಡ್ಡ ಸಂಶಯ ಇನ್ನೊಂದಿತ್ತು. ಬೆಳಗಾಗೆದ್ದು ಚೊಂಬು ಹಿಡಿದು ಹೊರಡುವವರು ದೋಣಿಯಲ್ಲಿ ಎಲ್ಲಿಗೆ ಹೋಗುತ್ತಾರೆ? ಅಣ್ಣನನ್ನು ಕೇಳಿದರೆ ತಲೆಗೆ ಮೊಟಕಿದ. ಗೊತ್ತಿಲ್ಲದ ಪ್ರಶ್ನೆಗೆಲ್ಲ ಅವನ ಉತ್ತರ ಅದೊಂದೇ ಆಗಿತ್ತು.

ಮೊಟಕುತ್ತಿದ್ದ ಅಣ್ಣನೇ ನನ್ನ ಮದುವೆಯಾದ ಮೇಲೆ ವರ್ಷಕ್ಕೆ ಎರಡು ಸಲ ನನ್ನನ್ನು ಕರೆಯಲು ಶಿರಾಕ್ಕೆ ಬರುತ್ತಿದ್ದ. ಗೌರಿ ಹಬ್ಬಕ್ಕೊಮ್ಮೆ, ಯುಗಾದಿಗೊಮ್ಮೆ. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು, ಹೆಗಲ ಮೇಲೆ ಟವೆಲು. ಬಂದವನು ಜಗಲಿಯಲ್ಲೇ ಕೂತು ನಮ್ಮ ಯಜಮಾನರಿಗೆ, "ತಂಗೀನ ಕಳಿಸ್ಕೊಡ್ಬೇಕು ಭಾವ" ಅನ್ನುತ್ತಿದ್ದ. ಕರೆಯದೆ ಮಗಳು ತವರಿಗೆ ಬರಬಾರದು ಎನ್ನುವುದು ನಮ್ಮ ಮನೆಯ ಶಾಸನ. ಅದನ್ನು ನಾನು ಮುರಿದದ್ದು ಒಂದೇ ಸಲ. ಮದುವೆಯಾದ ಹೊಸತು, ಅತ್ತೆಯ ಮನೆಯ ಸಾರು ಗಂಟಲಲ್ಲಿ ಇಳಿಯದೆ, ಹೇಳದೆ ಕೇಳದೆ ಬಸ್ಸು ಹತ್ತಿ ಬಂದುಬಿಟ್ಟಿದ್ದೆ. ಅಮ್ಮ ಹೊಸ್ತಿಲಲ್ಲೇ ತಡೆದಳು. "ಯಾರವ್ವ ಕರೆದ್ರು ನಿನ್ನ?" ಅಂದಳು. ಯಾರೂ ಇಲ್ಲ ಅಂದೆ. "ಹಂಗಾದ್ರೆ ಹುಣಸೆಮರದಡಿ ಕೂತ್ಕೊ ಹೋಗು" ಅಂದಳು. ಹೋಗಿ ಕೂತೆ. ಬಿಸಿಲಲ್ಲಿ ಬಂದವಳಿಗೆ ಒಂದು ಲೋಟ ನೀರೂ ಇಲ್ಲ! ಒಳಗೆ ಏನೋ ಗುಸುಗುಸು ನಡೆಯಿತು. ಅಣ್ಣ ಅಂಗಿ ಬದಲಿಸಿ, ತಲೆ ಬಾಚಿ, ಕುಂಕುಮದ ಬಟ್ಟಲು ಹಿಡಿದು ಮರದ ಹತ್ತಿರ ಬಂದ. "ನಮ್ಮನೇಲಿ ಹಬ್ಬ ಅದೆ, ತಾವು ದಯಮಾಡಿಸ್ಬೇಕು" ಅಂದವನು ನಗು ತಡೆಯಲಾರದೆ ಬೆನ್ನು ತಿರುಗಿಸಿ ನಿಂತ. ಯಾವ ಹಬ್ಬವೂ ಇರಲಿಲ್ಲ. ಅವತ್ತು ಅಮ್ಮ ನನಗಾಗಿ ಒಬ್ಬಟ್ಟು ತಟ್ಟಿದಳು, ತಟ್ಟುತ್ತಾ ಬೈದಳು, ಬೈಯುತ್ತಾ ತುಪ್ಪ ಸುರಿದಳು.

ಅಪ್ಪ ಅಮ್ಮ ಹೋದ ಮೇಲೂ ಅಣ್ಣ ಬರುವುದು ತಪ್ಪಿರಲಿಲ್ಲ. ತಪ್ಪಿದ್ದು ಹೊಲ ಮಾರಿದ ವರ್ಷ. ಸುತ್ತಲಿನವರೆಲ್ಲ ಕಂಪನಿಗೆ ಕೊಟ್ಟಾಗಿತ್ತು. ನಮ್ಮದು ನಡುವೆ ಸಿಕ್ಕಿಕೊಂಡಿತು, ಗಾಡಿದಾರಿಗೂ ಬೇಲಿ ಬಂತು. ಅಣ್ಣ ಒಂದಷ್ಟು ದಿನ ಜಗ್ಗಾಡಿದ, ಆಮೇಲೆ ಕೊಟ್ಟ. ನನ್ನನ್ನೂ ಕರೆದರು, ಹೋಗಿ ಸಹಿ ಹಾಕಿ ಬಂದೆ. ನನಗೆ ಅದರಲ್ಲಿ ಸಿಟ್ಟೇನೂ ಇರಲಿಲ್ಲ, ಇವತ್ತಿಗೂ ಇಲ್ಲ. ಅಣ್ಣ ಮಧುಗಿರಿಯಲ್ಲಿ ಮಗ ಸೊಸೆಯ ಜೊತೆ ಬಾಡಿಗೆ ಮನೆ ಹಿಡಿದ. ಅತ್ತಿಗೆ ಅದಕ್ಕೂ ಮುಂಚೆಯೇ ತೀರಿಕೊಂಡಿದ್ದಳು.

ಆ ವರ್ಷದ ಗೌರಿ ಹಬ್ಬಕ್ಕೆ ಅಣ್ಣ ಬರಲಿಲ್ಲ. ಮನೆ ಬದಲಾಯಿಸುವ ಗಡಿಬಿಡಿ ಇರಬೇಕು ಅಂದುಕೊಂಡೆ. ಯುಗಾದಿಗೂ ಬರಲಿಲ್ಲ. ಮರುವರ್ಷ ಗೌರಿಯ ದಿನ ಬೆಳಗಿನಿಂದ ಬಾಗಿಲಿಗೂ ಅಡುಗೆಮನೆಗೂ ಓಡಾಡಿದೆ. ನಮ್ಮ ಯಜಮಾನರು, "ನೀನೇ ಒಂದು ಸಲ ಹೋಗಿ ಬಾರೆ, ಮಧುಗಿರಿಯೇನು ದೆಹಲಿಯೇ?" ಅಂದರು. ಗಂಡಸರಿಗೆ ಇದೆಲ್ಲ ಎಲ್ಲಿ ಅರ್ಥವಾಗುತ್ತದೆ? ಕರೆಯದೆ ಹೋಗುವುದು ಹೇಗೆ? ಹೀಗೆ ಏಳೆಂಟು ವರ್ಷ ಕಳೆದವು. ಮದುವೆ ಮುಂಜಿಗಳಲ್ಲಿ ಎದುರಾಗುತ್ತಿದ್ದೆವು. 'ಚೆನ್ನಾಗಿದೀಯಾ?' 'ಚೆನ್ನಾಗಿದೀನಿ.' 'ಮಂಡಿ ನೋವು?' 'ಹಂಗೇ ಐತೆ.' ಅಷ್ಟೇ ಮಾತು. ಜನ ಕೇಳಿದರೆ ಜಗಳ ಆಡಿದ್ದೇವೆ ಅನ್ನೋಣವೆಂದರೆ ಜಗಳವೂ ಆಡಿರಲಿಲ್ಲ. ನನಗೆ ಹೊಲ ಬೇಕಿರಲಿಲ್ಲ, ಮನೆಯೂ ಬೇಕಿರಲಿಲ್ಲ. ಅಣ್ಣ ಬೇಕಾಗಿದ್ದ. ಇದನ್ನು ಯಾರ ಮುಂದೆ ಹೇಳಲಿ?

ಹೋದ ಬೇಸಿಗೆಯಲ್ಲಿ ಕೊರಟಗೆರೆಯಲ್ಲಿ ನಂಟರ ಮದುವೆ. ಮಂಡಿ ನೋವು ಅಂತ ಪಕ್ಕದ ಮನೆಯ ನಜೀರನ ಕಾರಿನಲ್ಲಿ ಹೋಗಿದ್ದೆ. ನಜೀರ ನನ್ನ ಮಗನ ಓರಗೆಯವನು, ಶಿರಾದಲ್ಲಿ ಬಾಡಿಗೆ ಕಾರು ಓಡಿಸುತ್ತಾನೆ, ಮಾತಿನ ಮಲ್ಲ. ಊಟದ ಪಂಕ್ತಿಯಲ್ಲಿ ಅಣ್ಣ ಸಿಕ್ಕಿದ. ಧೈರ್ಯ ಮಾಡಿ, "ಮಧುಗಿರಿ ದಾರಿ ಮೇಲೇ ಹೋಗೋದು, ಬಾರಣ್ಣ ಬಿಟ್ಟು ಹೋಗ್ತೀನಿ" ಅಂದೆ. ಬೇಡ ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ನಜೀರ ಅವನ ಕೈಯಿಂದ ತಾಂಬೂಲದ ಚೀಲ ಕಸಿದು ಕಾರಿನಲ್ಲಿಟ್ಟಾಗಿತ್ತು.

ಅರ್ಧ ದಾರಿಯಲ್ಲಿ ರಸ್ತೆಯ ಪಕ್ಕಕ್ಕೆ ಬಣ್ಣ ಮಾಸಿದ ದೊಡ್ಡ ಕಮಾನು ಕಂಡಿತು. ಅದರ ಎರಡು ಬದಿಗೆ ರೆಕ್ಕೆಯಿದ್ದ ಸಿಂಹ. ಒಂದರ ರೆಕ್ಕೆ ಮುರಿದು ಒಳಗಿನ ಕಬ್ಬಿಣದ ಕಂಬಿ ಕಾಣುತ್ತಿತ್ತು. ನಾನು, "ನಿಲ್ಸೋ ನಜೀರಾ" ಅಂದೆ.

"ಬ್ಯಾಡ ಕಣಮ್ಮ" ಅಂದ ಅಣ್ಣ. "ಏನೈತೆ ಅಲ್ಲಿ? ಬಿಸ್ಲು ಬೇರೆ. ನಡಿ ಹೋಗಾನ."

"ಏನೈತೆ ಅಂತಲೇ ನೋಡ್ಬೇಕು ನಾನು" ಅಂದೆ. ಎಷ್ಟೋ ವರ್ಷದ ಮೇಲೆ ಅಣ್ಣನ ಮಾತಿಗೆ ಎದುರಾಡಿದೆ, ಒಳಗೊಳಗೇ ಸ್ವಲ್ಪ ಖುಷಿಯಾಯಿತು.

"ಏನಕ್ಕಾ, ಇದೇ ನಿಮ್ ತವರಾ?" ನಜೀರ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಯಾ ಅಲ್ಲಾ! ಇಷ್ಟು ದಿನ ಹೇಳ್ಲೇ ಇಲ್ಲ. ನೀವು ಫಾರಿನ್ನೋರು ಅಂತ ಗೊತ್ತಿದ್ರೆ ಬಾಡಿಗೆ ಜಾಸ್ತಿ ಕೇಳ್ತಿದ್ದೆ." ಅವನು ಕಾರನ್ನು ಬೇವಿನ ಮರದ ನೆರಳಿಗೆ ಹಾಕಿ ಅಲ್ಲೇ ಮಲಗುತ್ತೇನೆಂದ. ಅಣ್ಣ ಮುಖ ಸಣ್ಣದು ಮಾಡಿಕೊಂಡು ನನ್ನ ಹಿಂದೆಯೇ ಬಂದ. ಅವನಿಗೆ ನಾಚಿಕೆಯೋ ಸಿಟ್ಟೋ ತಿಳಿಯಲಿಲ್ಲ.

ತವರಿಗೆ ಹೋಗುವಾಗ ಹಣ್ಣು ಹೂವು ತೆಗೆದುಕೊಳ್ಳುತ್ತಾರೆ, ನಾನು ಟಿಕೆಟ್ಟು ತೆಗೆದುಕೊಳ್ಳಲು ನಿಂತೆ. ಗೂಡಿನೊಳಗೆ ಒಬ್ಬಳೇ ಹುಡುಗಿ ಮೊಬೈಲು ನೋಡುತ್ತಿದ್ದಳು. ತಲೆಯೆತ್ತಿ ನನ್ನನ್ನು ನೋಡಿದಳು, ಹಿಂದೆ ನಿಂತಿದ್ದ ಅಣ್ಣನನ್ನು ನೋಡಿ ಮುಖ ಅರಳಿಸಿದಳು.

"ಏಂ ತಾತ, ಈವೊತ್ತು ಸೋಮವಾರ ಅಲ್ವಲ್ಲಾ! ಜೊತೇಗೆ ಯಾರು, ಅಜ್ಜೀನಾ?"

ಅಣ್ಣ ಬೇರೆ ಯಾರನ್ನೋ ಕೇಳಿದಳೇನೋ ಎಂಬಂತೆ ರಸ್ತೆಯ ಕಡೆ ನೋಡಿದ. ಏನಿದು ಸೋಮವಾರ ಅಂತ ನಾನು ಹುಡುಗಿಯನ್ನೇ ಕೇಳಿದೆ. ಆಂಧ್ರದ ಗಡಿಯ ವೈ.ಎನ್.ಹೊಸಕೋಟೆಯ ಹುಡುಗಿ, ತೆಲುಗಿನ ರಾಗದಲ್ಲಿ ಕನ್ನಡವನ್ನು ಎಳೆದೆಳೆದು ಮಾತಾಡುತ್ತಿದ್ದಳು. "ಈ ತಾತ ಸೋಮವಾರ ಸೋಮವಾರ ಬರ್ತಾರಮ್ಮ. ನಾನು ಸೇರಿದಾಗಿಂದ ನೋಡ್ತಾ ಇದೀನಿ. ಫೋಟೋ ತೆಗಿಯಲ್ಲ, ಬೋಟ್ ಹತ್ತಲ್ಲ. ಹೋಗಿ ಕೂತ್ಕಂತಾರೆ, ಎದ್ದು ಹೋಗ್ತಾರೆ, ಅಷ್ಟೇ. ಟಿಕೆಟ್ ಬೇಡ ಬಾ ತಾತ ಅಂದ್ರೂ ಕೇಳಲ್ಲ."

ನಾನು ಅಣ್ಣನ ಮುಖ ನೋಡಲಿಲ್ಲ. ನೋಡಿದ್ದರೆ ಅಲ್ಲೇ ಅಳು ಬಂದುಬಿಡುತ್ತಿತ್ತು. ಎರಡು ಟಿಕೆಟ್ಟು ತೆಗೆದುಕೊಂಡು ಒಳಗೆ ನಡೆದೆ.

ಇಟಲಿಯೊಳಗೆ ಆ ಹೊತ್ತಿಗೆ ಇದ್ದ ಪ್ರಜೆಗಳೆಂದರೆ ಕೋತಿಗಳು. ಗುಲಾಬಿ ಬಣ್ಣದ ಮನೆಯ ಉಪ್ಪರಿಗೆಯಲ್ಲಿ ಒಂದು ಸಂಸಾರ ಹೇನು ಹೆಕ್ಕುತ್ತಾ ಕೂತಿತ್ತು. ಮನೆಗಳೆಲ್ಲ ಮುಂದಿನಿಂದ ಮನೆ, ಹಿಂದಿನಿಂದ ಬರೀ ಕಬ್ಬಿಣದ ಪೈಪು, ಹಲಗೆ. ಒಂದು ಚಂದದ ಹಸಿರು ಬಾಗಿಲು ಕಂಡು, ಅಭ್ಯಾಸಬಲ ನೋಡಿ, ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ತಳ್ಳಿದೆ. ಬಾಗಿಲಲ್ಲ, ಬಾಗಿಲಿನ ಚಿತ್ರ! ಕೈಗೆ ಸುಣ್ಣ ಹತ್ತಿತು. ಮರಳಿ ಚಪ್ಪಲಿ ಹಾಕಿಕೊಳ್ಳುವಾಗ ಕೋತಿಗಳು ನನ್ನನ್ನೇ ನೋಡುತ್ತಿದ್ದವು. ಕಾಲುವೆಯಲ್ಲಿ ಪಾಚಿಗಟ್ಟಿದ ಮೊಣಕಾಲುದ್ದದ ನೀರು, ಅದರಲ್ಲಿ ಓರೆಯಾಗಿ ನಿಂತ ದೋಣಿ. ಬಾಗಿಲು ತೆಗೆದರೆ ನೀರು ಅಂತ ಅಣ್ಣ ಹೇಳುತ್ತಿದ್ದದ್ದು ಕೊನೆಗೂ ನಮ್ಮ ಹೊಲದಲ್ಲೇ ನಿಜವಾಗಿತ್ತು. ಯಾರಿಗೆ ಬೇಕಾಗಿತ್ತು ಆ ನೀರು? ಬೆಟ್ಟ ಮಾತ್ರ ನಮ್ಮದೇ. ಗಡಿಯಾರದ ಗೋಪುರದ ಹಿಂದೆ ಮಧುಗಿರಿಯ ಏಕಶಿಲೆ ಎಂದಿನ ಹಾಗೆ ಬೋರಲು ಹಾಕಿದ ಬಾಂಡಲಿಯಂತೆ ಕೂತಿತ್ತು.

ನಾನು ದಿಕ್ಕು ತಪ್ಪಿ ನಿಂತಿದ್ದೆ. ಅಣ್ಣನಿಗೆ ದಿಕ್ಕು ತಪ್ಪಿರಲಿಲ್ಲ. ಸುಮ್ಮನೆ ಮುಂದೆ ನಡೆದ, ನಾನು ಹಿಂದೆ. "ಇದು ಕಣ" ಅಂದ, ಕಾರಂಜಿಯ ಕಟ್ಟೆ ತೋರಿಸಿ. ಅಲ್ಲಿಯೇ ನಾವು ಕಡ್ಲೆಕಾಯಿ ಗಿಡ ಒಟ್ಟಿ ಕಾಯಿ ಬಿಡಿಸುತ್ತಿದ್ದದ್ದು, ಒಣಕಡ್ಡಿಗೆ ಬೆಂಕಿ ಹಾಕಿ ಹಸಿಕಾಯಿ ಸುಟ್ಟು ಬಾಯೆಲ್ಲ ಮಸಿ ಮಾಡಿಕೊಳ್ಳುತ್ತಿದ್ದದ್ದು. "ಇದು ಹುಣಸೆಮರ" ಅಂದ. ಅಲ್ಲಿ ದೀಪದ ಕಂಬ ಇತ್ತು. ಆಮೇಲೆ ಎರಡು ಮಹಡಿ ಮನೆಗಳ ನಡುವಿನ ಸಂದಿಯಲ್ಲಿ ಒಂದು ಸಿಮೆಂಟಿನ ಬೆಂಚಿನ ಮುಂದೆ ನಿಂತ. ಬೆಂಚು ಬಿಟ್ಟು ಕೆಳಗೆ ನೆಲದಲ್ಲಿ ಕೂತು ಬೆಟ್ಟದ ಕಡೆ ನೋಡಿದ, ಇನ್ನೊಂದಿಷ್ಟು ಸರಿದು ಕೂತ.

"ಇಲ್ಲಿ ಕೂತು ನೋಡು. ಕೋಟೆ ಬಾಗ್ಲು ಬೆಟ್ಟದ ಆ ಬಿರುಕಿಗೆ ಸರ್ಯಾಗಿ ಕಾಣ್ತದೆ. ಅಪ್ಪ ಹೊಸ್ಲು ಮೇಲೆ ಕೂತು ಬೀಡಿ ಸೇದ್ತಾ ಅದುನ್ನೇ ನೋಡ್ತಿದ್ದ. ಹೊಸ್ಲು ಇಲ್ಲೇ ಇದ್ದಿದ್ದು."

ಕೂತೆ. ನೋಡಿದೆ. ಹೌದು, ಅಲ್ಲೇ. ಅಮ್ಮ ನನ್ನನ್ನು ತಡೆದು ನಿಲ್ಲಿಸಿದ ಹೊಸ್ತಿಲು. ಇನ್ನು ತಡೆಯಲಿಕ್ಕೆ ಆಗಲಿಲ್ಲ ನನಗೆ.

"ಇಲ್ಲಿಗೆ ಬರ್ತೀಯ, ದುಡ್ಡು ಕೊಟ್ಟು ಬರ್ತೀಯ. ಶಿರಾಕ್ಕೆ ಬರಕ್ಕೆ ಏನಾಗಿತ್ತಣ್ಣ ನಿಂಗೆ? ಏಳೆಂಟು ಗೌರಿ ಹಬ್ಬ ಬಾಗ್ಲು ನೋಡ್ಕೊಂಡು ಕೂತಿದ್ದೆ ನಾನು."

ಅಣ್ಣ ಟವೆಲಿನಿಂದ ಮುಖ ಒರೆಸಿಕೊಂಡ, ಕತ್ತು ಒರೆಸಿಕೊಂಡ, ಒರೆಸಲು ಇನ್ನೇನೂ ಉಳಿಯದಾಗ ಮಾತಾಡಿದ.

"ಬಂದು ಏನಂತ ಕರೀಲಿ? ಮನೆಗೆ ಬಾ ಅಂತಾನಾ? ಯಾವ ಮನೆ? ತವರು ಮಾರ್ಕಂಡೋನು ಯಾವ ಮಕ ಇಟ್ಕಂಡು ತಂಗಿ ಬಾಗ್ಲಿಗೆ ಬರ್ಲಿ ಹೇಳು. ಒಂದ್ಸಲ ಬಂದಿದ್ದೆ ಕಣಮ್ಮ. ಬಾಳೆಹಣ್ಣೂ ತಗಂಡಿದ್ದೆ. ಶಿರಾ ಬಸ್‌ಸ್ಟ್ಯಾಂಡಾಗೆ ಇಳ್ದು, ವಸಿ ಹೊತ್ತು ನಿಂತಿದ್ದು, ಅದೇ ಬಸ್ಸಿಗೆ ಹತ್ಬುಟ್ಟೆ."

ಬಸ್‌ಸ್ಟ್ಯಾಂಡಿನಿಂದ ನಮ್ಮ ಮನೆಗೆ ನಡೆದೇ ಹೋಗಬಹುದು. ಅಲ್ಲಿಯ ತನಕ ಬಂದು ಹೋದನಲ್ಲ! ಆ ದಿನ ನಾನೇನು ಮಾಡುತ್ತಿದ್ದೆನೋ. ಮಲ್ಲಿಗೆ ಹೂವಿಗೆಂದು ಬಸ್‌ಸ್ಟ್ಯಾಂಡಿನ ಮುಂದೆಯೇ ಎಷ್ಟು ಸಲ ಓಡಾಡುತ್ತೇನೆ. ಒಂದು ಸಲ ಕಣ್ಣಿಗೆ ಬಿದ್ದಿದ್ದರೆ ಸಾಕಿತ್ತು. ಅವನ ಮೊಣಕೈ ಹಿಡಿದುಕೊಂಡು ಕೂತೆ. ಕಮಾನಿನ ಕಡೆಯಿಂದ ನಜೀರ ಹಾರ್ನು ಹೊಡೆದ.

"ಹೊತ್ತಾಯ್ತು, ಹೊರಡಾನ" ಅಂದ ಅಣ್ಣ. ನಾನು ಎದ್ದೆ. ಅವನು ಏಳಲಿಲ್ಲ. ಏನೋ ನೆನಪಾದವನಂತೆ ನನ್ನ ಸೆರಗು ನೋಡಿದ. "ವಸಿ ತಡಿ, ಬರಿ ಮಡ್ಲಾಗೆ ಹೋಗ್ಬ್ಯಾಡ" ಅಂದು ಎದ್ದು ಸರಸರ ಹೋದ.

ನಮ್ಮಲ್ಲಿ ಮಗಳು ತವರಿಂದ ಹೊರಡುವಾಗ ಮಡಿಲಕ್ಕಿ ಹಾಕದೆ ಕಳಿಸುವುದಿಲ್ಲ. ಸೆರಗು ಒಡ್ಡಿ ನಿಂತವಳ ಮಡಿಲಿಗೆ ತಾಯಿಯೋ ಅತ್ತಿಗೆಯೋ ಅಕ್ಕಿ, ಬೆಲ್ಲ, ಕಾಯಿ ಹಾಕುತ್ತಾರೆ. ಅದು ಹೆಂಗಸರ ಕೆಲಸ, ಗಂಡಸರು ಆ ಹೊತ್ತಿಗೆ ಹೊರಗೆ ನಿಂತು ಬಸ್ಸು ಬಂತು ಬಂತು ಅಂತ ಕೂಗಬೇಕು, ಅಷ್ಟೇ. ಅಣ್ಣ ಎಲ್ಲಿಗೆ ಹೋದನೆಂದು ನೋಡಿದರೆ, ಸೇತುವೆಯ ಹತ್ತಿರದ ಗಾಜಿನ ಗಾಡಿಯ ಮುಂದೆ ನಿಂತಿದ್ದ. ಟಿಕೆಟ್ಟಿನ ಹುಡುಗಿಯೇ ಗೂಡಿಗೆ ಬೀಗ ಹಾಕಿ ಓಡಿ ಬಂದು ಯಂತ್ರ ಹಚ್ಚಿದಳು. ಆ ಪಟ್ಟಣದಲ್ಲಿ ಸಿಗುತ್ತಿದ್ದ ಕಾಳು ಕಡಿ ಎಂದರೆ ಅದೊಂದೇ, ಪಾಪ್‌ಕಾರ್ನು.

ಎರಡು ಕೈಯಲ್ಲಿ ಎರಡು ಪೊಟ್ಟಣ ಹಿಡಿದು ಬಂದ. "ಅಕ್ಕಿ ಎಲ್ ತರ್ಲಿ ಇಲ್ಲಿ. ಇದೂ ಜೋಳ್ದ ಅರಳೇ ಅಲ್ವಾ? ಸೆರಗು ಹಿಡಿ" ಅಂದ. ಹಿಡಿದೆ. ಬೊಗಸೆಯಲ್ಲಿ ಹಾಕಬೇಕೆನ್ನುವುದು ಗೊತ್ತಿಲ್ಲದೆ ಸಿಮೆಂಟು ಚೀಲ ಸುರಿದಂತೆ ಸುರಿದ. ಅರ್ಧ ನೆಲಕ್ಕೆ ಚೆಲ್ಲಿತು. ಅಷ್ಟು ಹಗುರವಾದ ಮಡಿಲಕ್ಕಿಯನ್ನು ನಾನು ಹಿಂದೆಂದೂ ಹೊತ್ತಿರಲಿಲ್ಲ. ನಗುತ್ತಾ ಅಳುತ್ತಾ ನಿಂತೆ.

ಮಡಿಲು ತುಂಬಿಸಿಕೊಂಡವಳು ಅದರಲ್ಲಿ ಒಂದು ಹಿಡಿ ತೆಗೆದು ಮತ್ತೆ ತವರಿಗೇ ಹಾಕಿ ಹೊರಡಬೇಕು. ತವರು ಬರಿದಾಗಬಾರದು ಅಂತ. ಅಮ್ಮ ಮೊರ ಒಡ್ಡುತ್ತಿದ್ದಳು, ಆಮೇಲೆ ಅತ್ತಿಗೆ ಒಡ್ಡುತ್ತಿದ್ದಳು. ಹಿಡಿ ತುಂಬ ತೆಗೆದುಕೊಂಡು ಸುತ್ತ ನೋಡಿದೆ. ಗುಲಾಬಿ ಗೋಡೆ, ಬಣ್ಣದ ಬಾಗಿಲು, ಸಿಮೆಂಟಿನ ಬೆಂಚು. ಎಲ್ಲಿ ಹಾಕಲಿ?

ಅಣ್ಣ ತನ್ನ ಎರಡೂ ಕೈ ಸೇರಿಸಿ ಬೊಗಸೆ ಒಡ್ಡಿದ. "ಇಲ್ಲಿಗಾಕು" ಅಂದ.

ಹಾಕಿದೆ. ಅವನು ಬೊಗಸೆಯನ್ನು ಹಾಗೇ ಹಿಡಿದು ಅದನ್ನೇ ನೋಡುತ್ತಾ ಬಹಳ ಮೆತ್ತಗೆ ಕೇಳಿದ.

"ನಾನು ಕರೀಲಿಲ್ಲ, ತಪ್ಪೇ. ನೀನ್ಯಾಕೆ ಬರ್ಲಿಲ್ಲ ಜಯಾ?"

"ನೀನು ಕರೀಲಿಲ್ಲ ಅಂತ" ಅಂದೆ. ಇಷ್ಟು ವರ್ಷ ನ್ಯಾಯವಾಗಿ ಕೇಳಿಸುತ್ತಿದ್ದ ಮಾತು, ಅವನ ಮುಂದೆ ಬಾಯಿಬಿಟ್ಟು ಆಡಿದ ಮೇಲೆ, ನನಗೇ ಏನೇನೂ ಅಲ್ಲ ಅನ್ನಿಸಿತು.